ರಾತ್ರಿ ಬೆರಳು ಜೋಮು ಹಿಡಿದರೆ

ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಕಾಸರಗೋಡಿನ ಹಳ್ಳಿಮನೆಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ: “ರಾತ್ರಿ ಕೈ ಜೋಮು ಹಿಡಿಯುತ್ತದೆ, ಕೊಡವಿದರೆ ಸರಿಯಾಗುತ್ತದೆ.” ಹಾಲು ಕರೆಯುವವರೂ ಬೀಡಿ ಕಟ್ಟುವವರೂ ರಬ್ಬರು ಟ್ಯಾಪಿಂಗ್ ಮಾಡುವವರೂ ಇದನ್ನೇ ಹೇಳುತ್ತಾರೆ. ವಾಯುವೆಂದು ಎಣ್ಣೆ ತಿಕ್ಕಿ ಸುಮ್ಮನಿರುವುದು ವಾಡಿಕೆ. ಆದರೆ ಅನೇಕ ವೇಳೆ ಇದು ಮಣಿಕಟ್ಟಿನಲ್ಲಿ ನರವು ಅದುಮಿಕೊಂಡುದರ ಲಕ್ಷಣ. ವೈದ್ಯರು ಇದನ್ನು ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುತ್ತಾರೆ.

ಕಾರಣ

ಅಂಗೈಯ ಬುಡದಲ್ಲಿ ಒಂದು ಇಕ್ಕಟ್ಟಾದ ಓಣಿಯಿದೆ. ಅದರ ಅಡಿಗೂ ಬದಿಗೂ ಎಲುಬು. ಮೇಲೆ ಗಟ್ಟಿಯಾದ ಪಟ್ಟಿ. ಬೆರಳು ಮಡಿಸುವ 9 ಹುರಿಗಳೂ ಮೀಡಿಯನ್ ಎಂಬ ನರವೂ ಅದರೊಳಗೆ ಹಾಯುತ್ತವೆ. ಮಣಿಕಟ್ಟು ಬಗ್ಗಿಸಿ, ಬಿಗಿಹಿಡಿದು, ಒಂದೇ ಕೆಲಸವನ್ನು ಗಂಟೆಗಟ್ಟಲೆ ಮಾಡಿದರೆ, ಅಥವಾ ಹುಲ್ಲು ಕತ್ತರಿಸುವ ಯಂತ್ರದ ನಡುಕ ದಿನವೂ ತಗಲಿದರೆ, ಓಣಿಯಲ್ಲಿ ಒತ್ತಡ ಹೆಚ್ಚುತ್ತದೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಸಂಧಿವಾತ, ಬಸಿರು ಇವೂ ಕಾರಣವಾಗಬಲ್ಲವು.

ಗುರುತಿಸುವ ಬಗೆ

ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಭಾಗ ಜೋಮು ಹಿಡಿಯುತ್ತವೆ. ಕಿರುಬೆರಳಿಗೆ ಬೇರೆ ನರವಿರುವುದರಿಂದ ಅದಕ್ಕೆ ತೊಂದರೆಯಿಲ್ಲ. ಎರಡೂ ಕೈಗಳ ಹಿಂಬದಿಯನ್ನು ಎದುರುಬದುರಾಗಿ ಒತ್ತಿ, ಮಣಿಕಟ್ಟು ಬಗ್ಗಿಸಿ 1 ನಿಮಿಷ ಇರಿ. ಜುಮುಗುಟ್ಟಿದರೆ ಈ ರೋಗವನ್ನು ಶಂಕಿಸಬಹುದು.

ಆರಂಭದ ಉಪಚಾರ

ಮಲಗುವಾಗ ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಸ್ಪ್ಲಿಂಟ್ ಪಟ್ಟಿಯನ್ನು ಸುಮಾರು 6 ವಾರ ಕಟ್ಟಿಕೊಳ್ಳತಕ್ಕದ್ದು. ಕತ್ತಿ ಹರಿತವಾಗಿರಲಿ, ಮೊಂಡು ಕತ್ತಿಗೆ ಹೆಚ್ಚು ಬಲ ಬೇಕು. ಅರ್ಧ ಗಂಟೆಗೊಮ್ಮೆ ಕೈಗೆ ಬಿಡುವು ಕೊಡಿ. ಇದರೊಡನೆ ಈ ವ್ಯಾಯಾಮಗಳನ್ನು ಮಾಡಬಹುದು.

ಹುರಿಗಳಿಗೆ: (1) ಬೆರಳುಗಳನ್ನು ನೆಟ್ಟಗೆ ಚಾಚಿ. (2) ಬುಡವನ್ನು ನೆಟ್ಟಗಿಟ್ಟು ಮೇಲಿನ ಎರಡು ಗೆಣ್ಣುಗಳನ್ನು ಮಾತ್ರ ಕೊಕ್ಕೆಯಂತೆ ಮಡಿಸಿ. (3) ಮುಷ್ಟಿ ಕಟ್ಟಿ. (4) ಬುಡದಲ್ಲಿ ಮಾತ್ರ ಮಡಿಸಿ ಬೆರಳುಗಳನ್ನು ಮೇಜಿನ ಹಲಗೆಯಂತೆ ನೇರವಾಗಿಡಿ. (5) ಬೆರಳ ತುದಿಗಳನ್ನು ಅಂಗೈಯ ಬುಡಕ್ಕೆ ತಾಗಿಸಿ; ಉಗುರಿನ ಗೆಣ್ಣು ನೆಟ್ಟಗಿರಲಿ.

ನರಕ್ಕೆ: (1) ಮಣಿಕಟ್ಟು ನೇರವಾಗಿಟ್ಟು ಮುಷ್ಟಿ ಹಿಡಿಯಿರಿ. (2) ಬೆರಳು ಬಿಡಿಸಿ. (3) ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ. (4) ಹೆಬ್ಬೆರಳನ್ನು ಹೊರಚಾಚಿ. (5) ಅಂಗೈಯನ್ನು ಮೇಲ್ಮುಖ ಮಾಡಿ. (6) ಇನ್ನೊಂದು ಕೈಯಿಂದ ಹೆಬ್ಬೆರಳನ್ನು ಮೆಲ್ಲಗೆ ಹಿಂದಕ್ಕೆ ಎಳೆಯಿರಿ.

ಪ್ರತಿಯೊಂದು ಭಂಗಿಯಲ್ಲಿ 5 ಸೆಕೆಂಡು ನಿಲ್ಲಿ. ಒಂದು ಸಲಕ್ಕೆ 5 ಆವರ್ತಿ, ದಿನಕ್ಕೆ 3 ಸಲ ಸಾಕು. ಜೋಮು ಹೆಚ್ಚಿದರೆ ನಿಲ್ಲಿಸಬೇಕು. ಬಲಪ್ರಯೋಗ ಕೂಡದು.

ಎಷ್ಟು ನಂಬಬಹುದು?

2012ರಲ್ಲಿ ಕಾಕ್ರೇನ್ ಸಂಸ್ಥೆಯು ಈ ವ್ಯಾಯಾಮ ಮತ್ತು ಕೈಯಿಂದ ಸಡಿಲಿಸುವ ಚಿಕಿತ್ಸೆಗಳ ಬಗೆಗೆ 741 ಮಂದಿಯ ಮೇಲೆ ನಡೆದ 16 ಅಧ್ಯಯನಗಳನ್ನು ಪರಿಶೀಲಿಸಿತು. ಪ್ರಯೋಜನಕ್ಕೆ ದೊರೆತ ಸಾಕ್ಷ್ಯವು ಅಲ್ಪವೂ ದುರ್ಬಲವೂ ಆಗಿತ್ತು. ಆದುದರಿಂದ ವ್ಯಾಯಾಮವು ಸ್ಪ್ಲಿಂಟಿಗೂ ವಿಶ್ರಾಂತಿಗೂ ಜೊತೆಗಾರನೇ ಹೊರತು ಅವುಗಳ ಬದಲಿಯಲ್ಲ.

ತಡಮಾಡಬೇಡಿ

ನಮ್ಮ ನೆರೆಯ ಅಕ್ಕನೊಬ್ಬರು ಎರಡು ವರ್ಷ ಎಣ್ಣೆ ತಿಕ್ಕಿಯೇ ಕಳೆದರು. ಹೆಬ್ಬೆರಳ ಬುಡದ ಮಾಂಸ ಸೊರಗಿತು. ಬಿಸಿ ಪಾತ್ರೆ ತಾಗಿದ್ದೂ ತಿಳಿಯದೆ ಬೆರಳು ಸುಟ್ಟಿತು. ಕೊನೆಗೆ ಶಸ್ತ್ರಕ್ರಿಯೆಯಾಗಿ ರಾತ್ರಿಯ ನಿದ್ದೆ ಮರಳಿತು. ಹೆಬ್ಬೆರಳ ಬಲ ಮಾತ್ರ ಪೂರ್ತಿ ಮರಳಲಿಲ್ಲ. ಇಂದಿಗೂ ಅವರು ಅಂಗಿಯ ಗುಂಡಿ ಹಾಕಲು ಮಗಳನ್ನು ಕರೆಯುತ್ತಾರೆ.

6 ವಾರದಲ್ಲಿ ಗುಣ ಕಾಣದಿದ್ದರೆ ವೈದ್ಯರಲ್ಲಿಗೆ ಹೋಗಿ. ಜೋಮು ಹಗಲಿರುಳೂ ಬಿಡದಿದ್ದರೆ, ಹಿಡಿದ ವಸ್ತು ಜಾರಿದರೆ, ಹೆಬ್ಬೆರಳ ಬುಡ ಬತ್ತಿದರೆ ಅಷ್ಟು ದಿನವೂ ಕಾಯಬಾರದು. ರೈತನಿಗೆ ಕೈಯೇ ಮೊದಲ ಆಯುಧ. ಕತ್ತಿ ಮಸೆಯುವಷ್ಟು ಜತನವನ್ನು ಅದಕ್ಕೂ ತೋರಿಸೋಣ.