ಅರಿಷಿಣದ ಕಣಕ್ಕೆ ತಳ ಕಟ್ಟುವ ಬಗೆ

ಸಾಂಗಲಿಯ ಪೇಟೆಯಲ್ಲಿ ಅರಿಷಿಣದ ಬೆಲೆಯು ಕೊಂಬಿನ ಬಣ್ಣ, ಒಣಗು ಹಾಗೂ ಸ್ವಚ್ಛತೆಯ ಮೇಲೆ ನಿಲ್ಲುತ್ತದೆ. ವರ್ಷದ ಬಹುಭಾಗ ನೀರು ಗೊಬ್ಬರ ಹಾಕಿ ಬೆಳೆದ ಮಾಲನ್ನು ಕೊನೆಯ ಹದಿನೈದು ದಿನಗಳಲ್ಲಿ ಕಣದ ಮೇಲೆ ಕೆಡಿಸಿಕೊಂಡರೆ ದುಡಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಕೃಷ್ಣೆಯ ಬಯಲಿನ ಕಸಬೆ ಡಿಗ್ರಜದಲ್ಲಿ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ ಸಂಶೋಧನ ಕೇಂದ್ರವಿದೆ. ‘ಫುಲೆ ಸ್ವರೂಪ’ ಎಂಬ ಅರಿಷಿಣದ ತಳಿ ಅಲ್ಲಿಯದು. 2018ರಲ್ಲಿ ಸಾಂಗಲಿಯ ಅರಿಷಿಣಕ್ಕೆ ಭೌಗೋಲಿಕ ಗುರುತೂ ದೊರೆಯಿತು. ತಳಿಯೂ ಹೆಸರೂ ಒಳ್ಳೆಯವೇ. ಕಣವನ್ನು ಒಳ್ಳೆಯದು ಮಾಡುವದು ನಮ್ಮ ಕೆಲಸ.

ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಸಿಮೆಂಟು ಹಾಕಿದರೆ ಸಿಮೆಂಟೂ ಸೀಳುತ್ತದೆ. ಆ ಸೀಳಿನಲ್ಲಿ ಧೂಳು, ತೇವ ಕೂಡಿ ಬೂಸಲು ಹಿಡಿಯುತ್ತದೆ. ಆದುದರಿಂದ ಮೊದಲು ಎರಿಯನ್ನು ತೆಗೆಯಬೇಕು.

ಜಾಗವು ಎತ್ತರದಲ್ಲಿರಲಿ, ಒಂದು ಕಡೆಗೆ ಸಹಜವಾಗಿ ಇಳಿದಿರಲಿ. ಮೂವತ್ತು ಫೂಟಿಗೆ ಆರು ಇಂಚು ಇಳಿಜಾರು ಸಾಕು. 2019 ಹಾಗೂ 2021ರ ಮಹಾಪೂರದ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಹೊಳೆಸಾಲಿನವರು ನೆನೆದು ಜಾಗ ಆರಿಸಬೇಕು.

ಒಂದು ಫೂಟು ಆಳ ಎರಿಯನ್ನು ತೆಗೆದು, ಬೇರು ಕಸ ಆರಿಸಿ, ತಳವನ್ನು ಅದೇ ಇಳಿಜಾರಿನಲ್ಲಿ ಬಡಿದು ಗಟ್ಟಿಮಾಡಬೇಕು. ಬಳಿಕ ಗರಸು, ಎಂದರೆ ಮರಾಠಿಯವರ ಮುರೂಮು, ಹಾಕಬೇಕು. ಒಮ್ಮೆಲೇ ಸುರುವಬಾರದು. ಆರು ಇಂಚು ಹರವಿ, ನೀರು ಚಿಮುಕಿಸಿ, ನಾಲ್ಕು ಇಂಚಿಗೆ ಇಳಿಯುವವರೆಗೆ ರೋಲರು ಎಳೆಯಬೇಕು. ಹೀಗೆ ನಾಲ್ಕು ಪದರು ಮಾಡಿದರೆ ಕಣವು ಸುತ್ತಲಿನ ನೆಲಕ್ಕಿಂತ ನಾಲ್ಕು ಇಂಚು ಮೇಲೆ ನಿಲ್ಲುತ್ತದೆ. ನೀರಿನ ಹದ ತಿಳಿಯಲು ಒಂದು ಹಿಡಿ ಗರಸನ್ನು ಅಮುಕಿ ನೋಡಿರಿ: ಉಂಡೆ ಕಟ್ಟಬೇಕು, ಅಂಗೈ ಒದ್ದೆಯಾಗಬಾರದು.

ಈಗ ಲೆಕ್ಕ. ಕಣವು 30 ಫೂಟು ಉದ್ದ, 20 ಫೂಟು ಅಗಲವೆಂದರೆ 600 ಚದರ ಫೂಟು. ಸಡಿಲ ಗರಸು ನಾಲ್ಕು ಪದರಿಗೆ ಎರಡು ಫೂಟು. ಒಟ್ಟು 1200 ಘನ ಫೂಟು. ನೂರು ಘನ ಫೂಟಿಗೆ ಒಂದು ಬ್ರಾಸಿನಂತೆ 12 ಬ್ರಾಸು ಬೇಕು. ಗಾಡಿ ತರಿಸುವ ಮೊದಲೇ ಈ ಲೆಕ್ಕ ಹಾಕಿಕೊಳ್ಳುವದು ಒಳ್ಳೆಯದು.

ಪಟ್ಟಣದ ಅಂಗಳಗಳಲ್ಲಿ ಹಾಸುವ ಕೃತಕ ಹುಲ್ಲಿಗೂ ಹೀಗೆಯೇ ಅಗೆದು, ಪದರು ಪದರಾಗಿ ತಳ ಕಟ್ಟುತ್ತಾರೆ. ಅಲ್ಲಿ ನೀರು ಕೆಳಗೆ ಬಸಿಯಬೇಕೆಂದು ಖಡಿ ಹಾಕುತ್ತಾರೆ. ನಮ್ಮ ಕಣದಲ್ಲಿ ನೀರು ಮೇಲಿಂದಲೇ ಹರಿದುಹೋಗಬೇಕು. ಆದುದರಿಂದ ಗರಸು, ಸುತ್ತಲೂ ಗಟಾರ.

ಈ ಕೆಲಸವನ್ನು ಬೇಸಿಗೆಯಲ್ಲಿ ಮುಗಿಸಿ, ತಳಕ್ಕೆ ಒಂದು ಮಳೆಗಾಲ ಕಾಣಿಸಬೇಕು. ಎಲ್ಲಿ ನೀರು ನಿಂತಿತೋ ಅಲ್ಲಿ ತಗ್ಗು ಬಿದ್ದಿದೆಯೆಂದು ತಿಳಿದು, ದೀಪಾವಳಿಯ ನಂತರ ಗರಸು ತುಂಬಿ ಬಡಿದು, ಮೇಲೆ ನಾಲ್ಕು ಇಂಚು ಕಾಂಕ್ರೀಟು ಹಾಕಬಹುದು. ನಡುನಡುವೆ ಸಂದು ಬಿಡಬೇಕು. ಕೈಯಲ್ಲಿ ಹಣವಿಲ್ಲದವರು ಗಟ್ಟಿ ಗರಸಿನ ಮೇಲೆಯೇ ಸ್ವಚ್ಛ ತಾಡಪತ್ರಿ ಹಾಸಲಿ. ಸೆಗಣಿ ಸಾರಿಸಿದ ನೆಲದ ಮೇಲೆ ಬರಿದೇ ಹರವಿದರೆ ಮಾಲಿಗೆ ಹೊಲಸು ಹತ್ತುತ್ತದೆ.

ಕುದಿಸಿದ ಕೊಂಬನ್ನು ಎರಡು-ಮೂರು ಇಂಚು ದಪ್ಪ ಹರವಬೇಕು. ಬಹಳ ತೆಳುವಾದರೆ ಬಣ್ಣ ಕೆಡುತ್ತದೆ. ರಾತ್ರಿ ಗುಂಪೆ ಮಾಡಿ ಮುಚ್ಚಬೇಕು. ಹತ್ತು-ಹದಿನೈದು ದಿನಗಳಲ್ಲಿ ಕೊಂಬು ಮುರಿದರೆ ಖಣ್ಣೆಂದು ಸಪ್ಪಳ ಬರುತ್ತದೆ. ಆ ಸಪ್ಪಳ ಕೇಳಿದ ಮೇಲೆಯೇ ಚೀಲ ತುಂಬೋಣ.