ಕಾಲು ಜೋಮು ಹಿಡಿಯುವುದೇಕೆ?

ಹಗರೆ ಸುತ್ತಿನ ನಮ್ಮ ಬೆದ್ದಲು ಹೊಲಗಳಲ್ಲಿ ಎಡೆಕುಂಟೆ ಹೊಡೆದರೂ ಸಾಲಿನೊಳಗಿನ ಕಳೆಗೆ ಕೈಯೇ ಗತಿ. ರಾಗಿ ಕಳೆ ಕೀಳೋದು, ಆಲೂಗೆಡ್ಡೆ ಆಯೋದು ಎಲ್ಲಾ ಕುಕ್ಕರುಗಾಲಿನ ಕೆಲಸ. ಎದ್ದಾಗ ಕಾಲು ನಮ್ಮದಲ್ಲ ಅನ್ನಿಸುತ್ತೆ. ಆಮೇಲೆ ಇರುವೆ ಹರಿದಂತೆ ಜುಮುಜುಮು. 'ರಕ್ತ ನಿಂತಿತ್ತು' ಅಂತ ಕಾಲು ಕೊಡವಿ ಮತ್ತೆ ಕೂರ್ತೀವಿ. ಈ ಮಾತು ಅರ್ಧ ಮಾತ್ರ ಸರಿ.

ಮುಖ್ಯವಾಗಿ ಒತ್ತು ಬೀಳುವುದು ನರದ ಮೇಲೆ. ಮುಟ್ಟಿದ್ದು, ನೋವಾಗಿದ್ದು ಮಿದುಳಿಗೆ ತಿಳಿಯುವುದು ನರದ ಮೂಲಕ. ನರಕ್ಕೂ ಕೂದಲಿಗಿಂತ ಸಣ್ಣ ರಕ್ತನಾಳಗಳು ಆಹಾರ ಕೊಡುತ್ತವೆ. ಒತ್ತಿ ಹಿಡಿದಾಗ ಅವೂ ಮುಚ್ಚಿ ನರ ಸುದ್ದಿ ಸಾಗಿಸುವುದನ್ನು ನಿಲ್ಲಿಸುತ್ತೆ. 1931ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ ಮತ್ತು ಜೊತೆಗಾರರು ತೋಳಿಗೆ ಬಿ.ಪಿ. ಪಟ್ಟಿ ಬಿಗಿದು ಇದನ್ನು ಪರೀಕ್ಷಿಸಿದರು. ಜೋಮು ಬೆರಳ ತುದಿಯಿಂದ ಮೇಲಕ್ಕೆ ಏರುತ್ತಿತ್ತು. ಮೊದಲು ಹೋಗುವುದು ಮುಟ್ಟಿದ ಅರಿವು, ನೋವಿನ ಅರಿವು ಕಡೆಗೆ.

ಒತ್ತು ತೆಗೆದಾಗ ನರದ ಎಳೆಗಳೆಲ್ಲ ಒಟ್ಟಿಗೆ ಎಚ್ಚರಾಗುವುದಿಲ್ಲ. ಕರೆಂಟು ಬಂದಾಗ ಟ್ಯೂಬ್‌ಲೈಟು ಪಿಳಿಪಿಳಿ ಅನ್ನುವಂತೆ, ಯಾರೂ ಮುಟ್ಟದಿದ್ದರೂ ಅವು ಸುದ್ದಿ ಕಳಿಸುತ್ತವೆ. ಅದೇ ಜುಮುಜುಮು. ಅಂದರೆ ಅದು ನರ ಚೇತರಿಸಿಕೊಳ್ಳುತ್ತಿರುವ ಗುರುತು.

ಮೊಣಕಾಲಿನ ಹೊರಮಗ್ಗುಲಲ್ಲಿ, ತುಸು ಕೆಳಗೆ, ಒಂದು ಮೂಳೆಗಂಟು ಕೈಗೆ ಸಿಗುತ್ತೆ. ಪಾದ ಮೇಲೆತ್ತುವ ನರ ಅದನ್ನು ಸುತ್ತಿಕೊಂಡು, ಚರ್ಮದಡಿಯಲ್ಲೇ ಹೋಗುತ್ತೆ. ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತರೆ ಅದು ಜಜ್ಜಿದಂತಾಗಿ ಪಾದ ಎತ್ತಲು ಬರುವುದಿಲ್ಲ, ಚಪ್ಪಲಿ ಜಾರುತ್ತೆ, ಬೆರಳು ನೆಲಕ್ಕೆ ಎಡವುತ್ತೆ. ಹೊರದೇಶಗಳಲ್ಲಿ ಸ್ಟ್ರಾಬೆರಿ ಹಣ್ಣು ಕೀಳುವವರ ಹೆಸರೇ ಈ ತೊಂದರೆಗೆ ಬಂದಿದೆ. ವಾಸಿಯಾಗಲು ವಾರಗಳಿಂದ ತಿಂಗಳುಗಳೇ ಬೇಕು. ಎಳೆ ತುಂಡಾಗಿದ್ದರೆ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತೆ. ಕೂಲಿ ನಂಬಿದವರಿಗೆ ಒಂದು ಹಂಗಾಮೇ ಹೋದಂತೆ.

ಹಸುವಿಗೂ ಹೀಗೇ. ಹಾಲುಜ್ವರದಲ್ಲಿ ಏಳಲಾರದೆ ಒಂದೇ ಮಗ್ಗುಲಿಗೆ ಬಿದ್ದ ಹಸುವಿನ ಅಡಿಯ ಕಾಲಿನ ನರ, ಮಾಂಸ ಜಜ್ಜುತ್ತವೆ. ಚಿಕಿತ್ಸೆ ಸಿಕ್ಕರೂ ಮೇಲೇಳದೆ ಹೋಗಬಹುದು. ಡಾಕ್ಟರು ಬರುವ ತನಕ ಹುಲ್ಲಿನ ಹಾಸು ಹಾಕಿ, ಮೂರ್ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ.

ನಾವು ಮಾಡಬೇಕಾದ್ದು ಇಷ್ಟು:

• ಸಾಲು ಮುಗಿದ ಕೂಡಲೇ ಎದ್ದು ನಾಲ್ಕು ಹೆಜ್ಜೆ ಹಾಕಿ. ಕೂಲಿಯವರನ್ನೂ ಏಳಿಸಿ.
• ಗಿಡ್ಡ ಮಣೆ ಮೇಲೆ ಕೂರಿ, ಇಲ್ಲವೇ ಬಗ್ಗಿ, ಕೂತು, ಭಂಗಿ ಬದಲಿಸುತ್ತಾ ಇರಿ.
• ಜೋಮು ಹಿಡಿದ ಕಾಲ ಮೇಲೆ ತಕ್ಷಣ ಭಾರ ಬಿಟ್ಟು ನಡೆಯಬೇಡಿ, ಉಳುಕುತ್ತೆ. ಬಿಸಿ ಶಾಖ ಕೊಡಬೇಡಿ, ಸುಟ್ಟರೂ ಗೊತ್ತಾಗಲ್ಲ.
• ಹಾವು ಕಚ್ಚಿದಾಗ ಹಗ್ಗ ಬಿಗಿದು ಕಟ್ಟಬೇಡಿ. ರಕ್ತ ನಿಂತು ಕಾಲೇ ಹಾಳಾಗಬಹುದು. ಕಾಲು ಅಲುಗಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಿಮಿಷಗಳಲ್ಲಿ ಬಿಡುವ ಜೋಮಿಗೆ ಹೆದರಬೇಕಿಲ್ಲ. ಪಾದ ಎತ್ತಲಾಗದಿದ್ದರೆ, ಒತ್ತಿಲ್ಲದೆಯೇ ಎರಡೂ ಅಂಗಾಲು ಜೋಮಾದರೆ (ಸಕ್ಕರೆ ಕಾಯಿಲೆ ಇರಬಹುದು), ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಕಂಡರೆ (ಕುಷ್ಠ ಇರಬಹುದು, ಔಷಧಿಯಿಂದ ವಾಸಿಯಾಗುತ್ತೆ) ಡಾಕ್ಟರಿಗೆ ತೋರಿಸಿ. ಒಂದೇ ಪಕ್ಕದ ಕೈಕಾಲು ಇದ್ದಕ್ಕಿದ್ದಂತೆ ಸ್ವಾಧೀನ ತಪ್ಪಿ ಮಾತು ತೊದಲಿದರೆ ಅದು ಲಕ್ವ. ಎಣ್ಣೆ ತಿಕ್ಕುತ್ತಾ ಕೂರದೆ ಆ ಗಳಿಗೆಯಲ್ಲೇ ದೊಡ್ಡಾಸ್ಪತ್ರೆಗೆ ಹೊರಡಿ.