ಗಂಟು ಕೊಯ್ದರೆ ಹರಡುತ್ತದೆ ಎಂದವರಿಗೆ

ಗಂಟಿಗೆ ಕತ್ತಿ ತಾಗಿಸಿದರೆ ಕಾಯಿಲೆ ಮೈಗೆಲ್ಲ ಹರಡುತ್ತದೆ ಎಂದು ಬೇಲೂರಿನ ನಮ್ಮ ಸೋದರಮಾವ ಗಟ್ಟಿಯಾಗಿ ಹೇಳಿಬಿಟ್ಟರು. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡು ದಿನವಿಡೀ ಚೌಕಾಸಿ ಮಾಡುವ ಅಣ್ಣ, ಮಾವನ ಮುಂದೆ ಮಾತ್ರ ಎದುರಾಡದೆ ಒಪ್ಪಿಕೊಂಡ. ಅವನ ಕುತ್ತಿಗೆಯ ಬಲಗಡೆ ಗಂಟು. ನೋವಿಲ್ಲ. ಸಂಜೆಯಾದರೆ ಜ್ವರ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು. "ಟಿಬಿ ಗಂಟು ಕಣೋ. ಮಾತ್ರೆ ನುಂಗು, ಕರಗುತ್ತೆ. ಕುಯ್ಯಿಸೋಕೆ ಮಾತ್ರ ಹೋಗಬೇಡ" ಎಂದರು ಮಾವ. ಮನೆಯಲ್ಲಿ ಅದೇ ತೀರ್ಮಾನವಾಯಿತು.

ಸೂಜಿ ಪರೀಕ್ಷೆಯ ವರದಿಯಲ್ಲಿ ಖಚಿತವಾದದ್ದೇನೂ ಇರಲಿಲ್ಲ. ನಮ್ಮ ದೇಶದಲ್ಲಿ ಕುತ್ತಿಗೆ ಗಂಟೆಂದರೆ ಟಿಬಿ ಸಾಮಾನ್ಯ, ಹಾಗಾಗಿ ವೈದ್ಯರೊಬ್ಬರು ಟಿಬಿ ಮಾತ್ರೆ ಶುರುಮಾಡಿದರು. ರಿಫಾಂಪಿಸಿನ್ ನುಂಗಿದ ಮೊದಲ ದಿನವೇ ಅಣ್ಣನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಕೆಲವು ವಾರ ಕಳೆದರೂ ಗಂಟು ಜಗ್ಗದಿದ್ದಾಗ ಜತೆಗೆ ಸ್ಟೀರಾಯ್ಡ್ ಸೇರಿತು. ಗಂಟು ಕುಗ್ಗಿತು, ಹಸಿವು ಬಂತು. ಮಾವ ಫೋನ್ ಮಾಡಿ, "ನಾ ಹೇಳ್ಲಿಲ್ವೇನಮ್ಮ?" ಎಂದರು. ಲಿಂಫೋಮಾ ಎಂಬ ಹಾಲುರಸ ಗ್ರಂಥಿಗಳ ಕ್ಯಾನ್ಸರಿನ ಜೀವಕೋಶಗಳು ಸ್ಟೀರಾಯ್ಡ್‌ಗೆ ಬೇಗ ಸಾಯುತ್ತವೆ, ಅದರಿಂದ ಗಂಟು ಕೆಲಕಾಲ ಇಳಿಯುತ್ತದೆ, ಆಗ ತೆಗೆದ ತುಂಡಿನಲ್ಲಿ ಕಾಯಿಲೆಯ ಗುರುತು ಹಿಡಿಯುವುದೂ ಕಷ್ಟವಾಗುತ್ತದೆ. ಇದನ್ನು ನಮಗೆ ಆಗ ಯಾರೂ ಹೇಳಲಿಲ್ಲ. ಮಾತ್ರೆ ನಿಂತದ್ದೇ ಗಂಟು ಮರಳಿತು, ಕಂಕುಳಲ್ಲೂ ಒಂದು ಕಾಣಿಸಿಕೊಂಡಿತು.

ಇಷ್ಟೆಲ್ಲ ಆದ ಮೇಲೆ ಮಾವನ ಮಾತು ಮೀರಿ, ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕುತ್ತಿಗೆಯ ಗಂಟು ತೆಗೆಸಿದೆವು. ಶನಿವಾರ ಮಧ್ಯಾಹ್ನ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಹೊರಗೆ ಬಂದ ಸಹಾಯಕ ಒಂದು ಪ್ಲಾಸ್ಟಿಕ್ ಬಾಟಲಿಯನ್ನು ಕೌಂಟರಿನ ಮೇಲಿಟ್ಟ. ಒಳಗೆ ತಿಳಿನೀರು, ತಳದಲ್ಲಿ ಬೂದುಗೆಂಪು ಬಣ್ಣದ ತುಂಡು. ನಾನು ಹಳೇಬೀಡಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಶಾಲೆಯ ಬೀರುವಿನಲ್ಲಿರುವ ಕಪ್ಪೆ, ಹಾವುಗಳ ಜಾಡಿ ತೆರೆದರೆ ಕಣ್ಣಲ್ಲಿ ನೀರು ಬರಿಸುವ ಫಾರ್ಮಲಿನ್ ಘಾಟು ನನಗೆ ಗೊತ್ತು. ಮುಚ್ಚಳ ಸಡಿಲಿಸಿ ಮೂಸಿದೆ. ಯಾವ ವಾಸನೆಯೂ ಇಲ್ಲ.

"ಇದು ಸಲೈನ್ ಅಲ್ವಾ? ಫಾರ್ಮಲಿನ್ ಹಾಕಬೇಕಲ್ಲ?"

"ದಿನಾ ಕಳಿಸ್ತೀವಿ ಮೇಡಂ, ನೀವು ಹೇಳಿಕೊಡಬೇಡಿ" ಎಂದು ಅವನು ಬಾಟಲಿ ಎತ್ತಿಕೊಂಡು ಒಳಗೆ ಹೋದ. ಡಾಕ್ಟರು ಇನ್ನೊಂದು ಊರಿನ ಆಸ್ಪತ್ರೆಗೆ ಹೊರಟುಹೋಗಿದ್ದರು. ಕೌಂಟರಿನಲ್ಲಿ ಕೂತಿದ್ದವರನ್ನು ಮತ್ತೆ ಕೇಳಿದೆ. "ಲ್ಯಾಬಿನವರು ನೋಡಿಕೊಳ್ತಾರೆ" ಎಂದರು. ಲ್ಯಾಬಿನ ಹುಡುಗ ಬಂದದ್ದು ಸೋಮವಾರ. ಬೇಸಿಗೆಯ ಎರಡು ರಾತ್ರಿ ಆ ತುಂಡು ಉಪ್ಪುನೀರಿನಲ್ಲಿ ಬಿದ್ದಿತ್ತು.

ವರದಿ ತರಲು ನಾನೇ ಹೋದೆ. ಲಕೋಟೆ ಹರಿದು ಅಲ್ಲೇ ಮೆಟ್ಟಿಲ ಮೇಲೆ ನಿಂತು ಓದಿದೆ. ಅಂಗಾಂಶ ಕೊಳೆತಿದೆ, ಜೀವಕೋಶಗಳ ವಿವರ ಉಳಿದಿಲ್ಲ, ಅಭಿಪ್ರಾಯ ಕೊಡಲು ಸಾಧ್ಯವಿಲ್ಲ, ಮರಳಿ ಬಯಾಪ್ಸಿ ಮಾಡಿ ಕಳಿಸಿ. ಇದಿಷ್ಟೇ. ಇನ್ನೊಮ್ಮೆ ಓದಿದೆ. ಹಾಳೆ ಅಲುಗುತ್ತಿದೆ ಅನ್ನಿಸಿತು. ಅಲುಗುತ್ತಿದ್ದದ್ದು ನನ್ನ ಕೈ. ಅರಸೀಕೆರೆ ತಲುಪುವ ಹೊತ್ತಿಗೆ ಅಣ್ಣ ಮಂಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ, ಪ್ಲಾಸ್ಟರಿನ ಅಂಚಿನಲ್ಲಿ ಒಣಗಿದ ರಕ್ತ. ಹಿಂದಿನ ರಾತ್ರಿಯಿಂದ ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ. ನಾನು ಹೇಳಿದ್ದನ್ನೆಲ್ಲ ಕೇಳಿ, "ಮತ್ತೆ ಕುಯ್ಯಬೇಕಾ?" ಎಂದ. ಅತ್ತಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಸಹಾಯಕನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಹಾಡ್ಜ್‌ಕಿನ್ ಮುಂದೆ ತಮ್ಮದೇ ಹೆಸರು ಪಡೆದ ಲಿಂಫೋಮಾದ ಬಗೆಯನ್ನು ವಿವರಿಸಿದ್ದು 1832ರಲ್ಲಿ. ಅವರ ರೋಗಿಗಳ ದೇಹದಿಂದ ತೆಗೆದ ತುಂಡುಗಳನ್ನು ಅಲ್ಲಿನ ಸಂಗ್ರಹಾಲಯದಲ್ಲಿ ಕೆಡದಂತೆ ಇಟ್ಟಿದ್ದರು. 1926ರಲ್ಲಿ ಹರ್ಬರ್ಟ್ ಫಾಕ್ಸ್ ಎಂಬ ಪೆಥಾಲಜಿಸ್ಟ್ ಅವುಗಳಿಂದ ತೆಳುಪದರ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಎರಡರಲ್ಲಿ ಹಾಡ್ಜ್‌ಕಿನ್ ಕಾಯಿಲೆಯೇ ಕಂಡಿತು. ತೊಂಬತ್ತು ವರ್ಷ ದಾಟಿದ ತುಂಡು ಉತ್ತರ ಕೊಟ್ಟಿತು. ಅಣ್ಣನದು ಎರಡು ರಾತ್ರಿಯೂ ಉಳಿಯಲಿಲ್ಲ.

ಎರಡನೆಯ ಬಯಾಪ್ಸಿಗೆ ಹೋದ ಬೆಂಗಳೂರಿನ ಆಸ್ಪತ್ರೆಯಲ್ಲಿ ಕಂಕುಳಿನ ಗಂಟನ್ನು ಇಡಿಯಾಗಿ ತೆಗೆದರು. ಸೂಜಿಯಲ್ಲೇ ಯಾಕೆ ಆಗುವುದಿಲ್ಲ ಎಂದು ಅಲ್ಲಿನ ಪೆಥಾಲಜಿಸ್ಟ್‌ರನ್ನು ಕೇಳಿದೆ. ಅವರು ವಿವರಿಸಿದ್ದು ನನಗೆ ಅರ್ಥವಾದದ್ದು ನಮ್ಮೂರಿನ ಲೆಕ್ಕದಲ್ಲಿ. ಹೊಯ್ಸಳೇಶ್ವರನ ಗುಡಿಯ ಗೋಡೆಯಿಂದ ಚಿಟಿಕೆ ಪುಡಿ ಕೆರೆದರೆ ಅದು ಬಳಪದ ಕಲ್ಲು ಎಂದು ತಿಳಿದೀತು. ಕೆಳಗೆ ಆನೆಯ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು ಎಂಬುದು ಆ ಪುಡಿಯಿಂದ ತಿಳಿಯುವುದಿಲ್ಲ. ಗ್ರಂಥಿಯೊಳಗೆ ಜೀವಕೋಶಗಳು ಯಾವ ಜೋಡಣೆಯಲ್ಲಿವೆ, ಆ ಜೋಡಣೆ ಎಲ್ಲಿ ಕೆಟ್ಟಿದೆ ಎನ್ನುವುದರಿಂದಲೇ ಬಹಳಷ್ಟು ಲಿಂಫೋಮಾಗಳನ್ನು ಗುರುತಿಸುವುದು. ಆಮೇಲೆ ಸಿಡಿ20, ಸಿಡಿ3, ಸಿಡಿ10, ಕೆಐ-67 ಎಂದು ಒಂದೊಂದೇ ಪ್ರೋಟೀನಿಗೆ ಬಣ್ಣ ಹಚ್ಚಿ ಖಚಿತಪಡಿಸಿಕೊಳ್ಳುತ್ತಾರೆ. ಇದೆಲ್ಲ ನಡೆಯುವುದು ಮೂರು-ನಾಲ್ಕು ಮೈಕ್ರಾನ್ ದಪ್ಪದ ಪದರಗಳ ಮೇಲೆ.

ಉತ್ತರ ಬರುವವರೆಗಿನ ದಿನಗಳಲ್ಲಿ ನಾನು ಸಿಕ್ಕಿದ್ದನ್ನೆಲ್ಲ ಓದಿದೆ. ಹಾಗೆ ಕಣ್ಣಿಗೆ ಬಿದ್ದದ್ದು ಪೆಥಾಲಜಿಸ್ಟ್ ಡಾ. ಕಿಕ್ಕೇರಿ ಎನ್. ನರೇಶ್ ಅವರ ಹೆಸರು. ಕಿಕ್ಕೇರಿ ಎಂದರೆ ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಊರು, ಶ್ರವಣಬೆಳಗೊಳಕ್ಕೆ ಹತ್ತಿರ. ಆ ಹೆಸರನ್ನು ಇಂಗ್ಲಿಷ್ ಸಂಶೋಧನಾ ಪ್ರಬಂಧವೊಂದರ ತಲೆಯಲ್ಲಿ ಕಂಡು ನನಗೆ ಧೈರ್ಯ ಬಂತೆಂದರೆ ಯಾರೂ ತಪ್ಪು ತಿಳಿಯಬಾರದು. ಅವರು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿದ್ದಾಗ, ಸಹೋದ್ಯೋಗಿಗಳಾದ ವಿ. ಶ್ರೀನಿವಾಸ್ ಮತ್ತು ಸಿ.ಎಸ್. ಸೋಮನ್ ಜತೆ 2,773 ಲಿಂಫೋಮಾಗಳನ್ನು ಹೊಸ ವರ್ಗೀಕರಣದ ಪ್ರಕಾರ ವಿಂಗಡಿಸಿ 2000ದಲ್ಲಿ ಪ್ರಕಟಿಸಿದರು. ಫಾಲಿಕ್ಯುಲರ್ ಲಿಂಫೋಮಾ ಅದರಲ್ಲಿ ಶೇ. 12.6. ಅದಕ್ಕೆ ಸ್ವಲ್ಪ ಮೊದಲು, 1997ರಲ್ಲಿ ಹೊರಬಂದ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ಅದು ಶೇ. 22ರಷ್ಟಿತ್ತು. ನಮ್ಮ ಜನರ ಲಿಂಫೋಮಾ ಪಾಶ್ಚಾತ್ಯರ ಪುಸ್ತಕದ ಪಡಿಯಚ್ಚಲ್ಲ ಎಂಬುದು ಒಂದೊಂದೇ ಗಾಜಿನ ಪಟ್ಟಿ ನೋಡಿ ಎಣಿಸಿದವರಿಂದ ಗೊತ್ತಾಯಿತು. ಇಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ, ಶೇ. 34. ಅಣ್ಣನ ವರದಿಯಲ್ಲಿ ಬಂದದ್ದೂ ಅದೇ.

ನರೇಶ್ ಆಮೇಲೆ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆ ಮತ್ತು ಇಂಪೀರಿಯಲ್ ಕಾಲೇಜಿಗೆ, ಅಲ್ಲಿಂದ ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚ್ ಕ್ಯಾನ್ಸರ್ ಕೇಂದ್ರಕ್ಕೆ ಹೋದರು. ನನಗೆ ಅವರ ಕೆಲಸದಲ್ಲಿ ಬಹಳ ದೊಡ್ಡದೆನಿಸುವುದು 2011ರ ಇನ್ನೊಂದು ಪ್ರಬಂಧ. 1958ರಲ್ಲಿ ಡೆನಿಸ್ ಬರ್ಕಿಟ್ ಎಂಬ ಶಸ್ತ್ರವೈದ್ಯರು ಉಗಾಂಡದ ಮಕ್ಕಳ ದವಡೆಯಲ್ಲಿ ಕಂಡು ವಿವರಿಸಿದ ಲಿಂಫೋಮಾಕ್ಕೂ ಅಣ್ಣನಿಗೆ ಬಂದ ಬಗೆಗೂ ವ್ಯತ್ಯಾಸ ಗುರುತಿಸುವುದು ಕೆಲವೊಮ್ಮೆ ಬಲು ಕಷ್ಟ. ಚಿಕಿತ್ಸೆ ಮಾತ್ರ ಬೇರೆ ಬೇರೆ. ಜೀನ್ ಮಟ್ಟದ ಪರೀಕ್ಷೆ ಎಲ್ಲ ಕಡೆ ಎಲ್ಲಿ ಸಿಗಬೇಕು? ನರೇಶ್ ಮತ್ತು ಸಂಗಡಿಗರು ಯುರೋಪ್ ಮತ್ತು ಆಫ್ರಿಕದ 252 ಪ್ರಕರಣಗಳನ್ನಿಟ್ಟುಕೊಂಡು ಮೆಟ್ಟಿಲು ಮೆಟ್ಟಿಲಾದ ಕ್ರಮವೊಂದನ್ನು ಕಟ್ಟಿದರು. ಮೊದಲು ಜೀವಕೋಶದ ರೂಪ, ಸಿಡಿ10, ಬಿಸಿಎಲ್2. ಸಾಲದಿದ್ದರೆ ಸಿಡಿ38, ಸಿಡಿ44, ಕೆಐ-67. ಅದೂ ಸಾಲದಿದ್ದರೆ ಮಾತ್ರ ಜೀನ್ ಪರೀಕ್ಷೆ. ಬಹುಪಾಲು ಪ್ರಕರಣಗಳಲ್ಲಿ ಮೂರನೆಯ ಮೆಟ್ಟಿಲು ಬೇಕಾಗಲೇ ಇಲ್ಲ. ಬಡ ದೇಶದ ಲ್ಯಾಬಿಗೂ ಎಟುಕಲಿ ಎಂದು ವಿಜ್ಞಾನಿಯೊಬ್ಬ ಇಷ್ಟು ಯೋಚಿಸುವಾಗ, ಫಾರ್ಮಲಿನ್ ತುಂಬಿದ ಬಾಟಲಿ ಇಡುವಷ್ಟು ಯೋಚನೆ ನಮ್ಮ ನರ್ಸಿಂಗ್ ಹೋಮುಗಳಿಗೆ ಬೇಡವೇ?

ಸಿಡಿ20 ಇದೆ ಎಂದು ಪೆಥಾಲಜಿಸ್ಟ್ ಬರೆದ ಮೇಲೇ ಅಣ್ಣನಿಗೆ ರಿಟುಕ್ಸಿಮ್ಯಾಬ್ ಕೊಡಲು ಸಾಧ್ಯವಾಯಿತು. ಆ ಔಷಧ ಹಿಡಿಯುವುದೇ ಸಿಡಿ20ಯನ್ನು. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1997ರಲ್ಲಿ, ಹೈದರಾಬಾದಿನ ಡಾ. ರೆಡ್ಡೀಸ್ 2007ರಲ್ಲಿ ಅದರ ಪ್ರತಿರೂಪ ತಯಾರಿಸಿ ಮಾರುಕಟ್ಟೆಗೆ ಬಿಟ್ಟ ಮೇಲೆ ನಮ್ಮಂಥವರೂ ಬೆಲೆ ಕೇಳುವಂತಾಯಿತು. ಆರ್-ಚಾಪ್ ಎಂಬ ಚಿಕಿತ್ಸೆ, 21 ದಿನಕ್ಕೊಂದರಂತೆ ಆರು ಸುತ್ತು. ಕೂದಲು ಹೋಯಿತು, ಬಾಯಿ ಹುಣ್ಣಾಯಿತು, ತೂಕ ಇಳಿಯಿತು. ಕೊನೆಯ ಸ್ಕ್ಯಾನಿನಲ್ಲಿ ಕಾಯಿಲೆ ಕಾಣಲಿಲ್ಲ. ಈಗ ಅಣ್ಣ ಬೆಳಿಗ್ಗೆ ಮಂಡಿಗೆ ಹೋಗುತ್ತಾನೆ.

ನಮ್ಮ ಹಾಗೆ ಸಿಕ್ಕಿಬೀಳುವವರಿಗೆ ಹೇಳುವುದಿಷ್ಟು. ಸಾಧ್ಯವಿದ್ದಲ್ಲಿ ಗಂಟನ್ನು ಇಡಿಯಾಗಿ ತೆಗೆಸಿ. ಕೊಯ್ದರೆ ಹರಡುತ್ತದೆ ಎಂಬುದು ಸುಳ್ಳು. ಬಯಾಪ್ಸಿಗೆ ಮುಂಚೆ ಸ್ಟೀರಾಯ್ಡ್ ಕೊಡುತ್ತಿದ್ದಾರೆಯೇ ಎಂದು ಕೇಳಿ. ಬಾಟಲಿಯಲ್ಲಿ ಫಾರ್ಮಲಿನ್ ಇರಬೇಕು, ತುಂಡಿನ ಕನಿಷ್ಠ ಹತ್ತು ಪಟ್ಟು. ತುಂಡನ್ನು ಹುದುಗಿಸಿದ ಮೇಣದ ಬ್ಲಾಕನ್ನು ಲ್ಯಾಬಿನವರು ವರ್ಷಗಟ್ಟಲೆ ಕಾದಿಡುತ್ತಾರೆ. ಅದರ ನಂಬರ್ ಬರೆದಿಟ್ಟುಕೊಳ್ಳಿ, ಇನ್ನೊಬ್ಬರ ಅಭಿಪ್ರಾಯ ಬೇಕಾದರೆ ಅದನ್ನೇ ಒಯ್ಯಬಹುದು.

ಮಾವ ಈಗಲೂ ತಮ್ಮ ಮಾತು ಹಿಂದಕ್ಕೆ ತೆಗೆದುಕೊಂಡಿಲ್ಲ. ಮೊದಲೇ ಕುಯ್ಯಿಸಿದ್ದರೆ ಇನ್ನೂ ಕೆಡುತ್ತಿತ್ತು ಎಂದು ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ ಹೇಳಿದರು, ನಾನು ಅಲ್ಲೇ ಎದ್ದು ಉತ್ತರ ಕೊಟ್ಟೆ. ನರ್ಸಿಂಗ್ ಹೋಮಿಗೆ ಬರೆದ ಪತ್ರಕ್ಕೆ ಉತ್ತರವಿಲ್ಲ. ಅವರ ಬಿಲ್ಲಿನಲ್ಲಿ ಬಯಾಪ್ಸಿ ಬಾಟಲಿಗೂ ಫಾರ್ಮಲಿನ್‌ಗೂ ಪ್ರತ್ಯೇಕ ಹಣ ಹಾಕಿದ್ದಾರೆ. ಆ ಬಿಲ್ಲಿನ ಜೆರಾಕ್ಸನ್ನೂ ಕೊಳೆತ ತುಂಡಿನ ವರದಿಯನ್ನೂ ಲಗತ್ತಿಸಿ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಟ್ಟಿದ್ದೇವೆ.